ಬೈಬಲ್ಲಿನೊಳಗಿಟ್ಟ ಉಯಿಲು

ನನ್ನ ಗಂಡ ಉಯಿಲು ಬರೆದಾಗ ನನಗೆ ಜೀನ್ಸ್ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ರಾಯದುರ್ಗದ ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಆಗ ಕಟಿಂಗ್ ಮಾಡುತ್ತಿದ್ದವನು ಮೈದುನ. ತನ್ನ ನಂತರ ಯೂನಿಟ್ಟು ಅವನಿಗೇ ಎಂದು ಬರೆದು, ಪಾಸ್ಟರ್ ಅಯ್ಯಗಾರಿಂದ ಅದರ ಮೇಲೆ ಕೈಯಿಡಿಸಿ ಪ್ರಾರ್ಥನೆ ಮಾಡಿಸಿ, ಬೈಬಲ್ಲಿನೊಳಗೆ ಇಟ್ಟರು. ಆ ಹೊತ್ತಿಗೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಮೈದುನ ಮಡಕಶಿರಾದ ಹುಡುಗಿಯನ್ನು ಮದುವೆಯಾಗಿ, ಅಲ್ಲೇ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಲು ಕೂತ. ಕಟಿಂಗಿನ ಕತ್ತರಿ ನನ್ನ ಕೈಗೆ ಬಂತು. ಬಳ್ಳಾರಿಯ ವ್ಯಾಪಾರಿಗಳು ನನ್ನನ್ನೇ ಕೇಳಿಕೊಂಡು ಬರತೊಡಗಿದರು. "ಆ ಉಯಿಲು ಬದಲಾಯಿಸ್ರಿ" ಎಂದು ಗಂಡನಿಗೆ ಹೇಳಿದೆ. ಒಂದು ಸಲವಲ್ಲ, ನಾಲಿಗೆ ಸೋಲುವಷ್ಟು ಸಲ.

"ಪ್ರಾರ್ಥನಿ ಮಾಡಿಸಿದ್ದನ್ನ ತಿದ್ದಿದ್ರ ದೇವರ ಮ್ಯಾಲೆ ನಂಬಿಕಿ ಇಲ್ಲ ಅಂದಂಗಲ್ಲೇನು?" ಅನ್ನುತ್ತಿದ್ದರು. ನಾವು ಯಜಮಾನರಲ್ಲ, ದೇವರ ಮನೆವಾರ್ತೆ ನೋಡಿಕೊಳ್ಳುವವರು ಅಷ್ಟೇ ಎಂದು ಹೊಲಿಯುವ ಹೆಂಗಸರಿಗೆ ದಿನಾ ಹೇಳುತ್ತಿದ್ದ ಮನುಷ್ಯ, ದೇವರು ಒಪ್ಪಿಸಿದ್ದನ್ನು ಯಾರ ಕೈಗೆ ಬಿಟ್ಟು ಹೋಗುತ್ತಿದ್ದೇನೆಂದು ಒಮ್ಮೆಯೂ ತೆರೆದು ಓದಲಿಲ್ಲ. ಪ್ರತಿ ಹೊಸವರ್ಷ ಆರಾಧನೆ ಮುಗಿಸಿ ಬಂದು, ಮಡಚಿದ್ದನ್ನು ಬಿಚ್ಚದೆಯೇ, ಅದರ ಮೇಲೆ ಮತ್ತೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು.

ಕಳೆದ ಬೇಸಿಗೆಯಲ್ಲಿ, ಬೆಳಗ್ಗೆ ಗುಂಡಿಗಳ ಡಬ್ಬಿ ಎತ್ತಿಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಮೂರನೇ ದಿನದ ಪ್ರಾರ್ಥನೆಗೆ ಬಂದ ಅಯ್ಯಗಾರಿಗೆ ಇದನ್ನೆಲ್ಲ ಹೇಳಿದೆ. ಅವರು ಕೈಲಿದ್ದ ಬೈಬಲ್ಲು ಮುಚ್ಚಿದರು.

"ನಾ ಪ್ರಾರ್ಥನಿ ಮಾಡಿದ್ದು ನಿಮ್ಮ ಮನಿ ಸಲುವಾಗಿ ಅಮ್ಮಾ, ಕಾಗದದ ಸಲುವಾಗಿ ಅಲ್ಲ. ವರ್ಷಾ ವರ್ಷಾ ಬದಲಾಯಿಸಿದ್ರೂ ಬಂದು ಪ್ರಾರ್ಥನಿ ಮಾಡ್ತಿದ್ದೆ. ನನ್ನ ಹತ್ರ ಬಂದು ಒಂದು ಮಾತು ಕೇಳಬಾರದಿತ್ತೇನ್ರಿ?"

ಚರ್ಚು ಇದ್ದದ್ದು ನಮ್ಮ ಓಣಿಯ ಕೊನೆಯಲ್ಲೇ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮಣ್ಣು ಮಾಡಿ ಮೂರು ದಿನವೂ ಆಗದ ಗಂಡನ ಮೇಲೆ ಅಷ್ಟು ಸಿಟ್ಟು ಬರಬಾರದು, ಬಂತು.

ಮುಂದಿನ ತಿಂಗಳು ಮೈದುನ ಮಶೀನು ಕೊಳ್ಳುವವರನ್ನು ಕರೆದುಕೊಂಡು ಬಂದ. ಅವನ ಎರಡೂ ಕೈ ಹಿಡಿದುಕೊಂಡೆ. "ಇದನ್ನ ನನಗ ಬಿಡಪ್ಪ. ನನಗ ಬರೋದು ಇದೊಂದೇ ಕೆಲಸ."

ಅವನು ನನ್ನ ಮುಖ ನೋಡಲಿಲ್ಲ. "ಅಣ್ಣ ಪ್ರಾರ್ಥನಿ ಮಾಡಿಸಿ ಬರದಾನ, ಅತ್ತಿಗಿ. ಅದನ್ನ ಬದಲಾಯಿಸಾಕ ನಾನ್ಯಾರು?"

ಮಶೀನುಗಳನ್ನು ಟೆಂಪೋಗೆ ಏರಿಸುವಾಗ ಹೊಲಿಯುವ ಹೆಂಗಸರು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾಳೆ ಬರಬೇಕೇನ್ರಿ ಅಕ್ಕಾ?" ಎಂದು ಒಬ್ಬಳು ಕೇಳಿದಳು. ಗಂಡನೊಬ್ಬನ ಮೇಲೆಯೇ ತಪ್ಪು ಹೊರಿಸಿ ನಾನೆಲ್ಲಿಗೆ ಹೋಗಲಿ? ಹೊಸವರ್ಷದ ಆ ಪ್ರಾರ್ಥನೆಗೆ, ಪ್ರತಿ ಸಲವೂ, ಅವರ ಪಕ್ಕದಲ್ಲಿ ಮೊಣಕಾಲೂರಿ ಆಮೆನ್ ಅಂದವಳು ನಾನೇ.