ಶಂಕ್ರವ್ವನ ತುಂಬಿದ ಗಲ್ಲ

ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ತೂಕ ಒಂದು ಚೀಲ ಒಣಮೆಣಸಿನಕಾಯಿಗಿಂತ ಹೆಚ್ಚಿಲ್ಲ. ಎದೆಯ ನಡುವೆ ಗೇಣುದ್ದದ ಹೊಲಿಗೆ. ನಾಲಗೆ ಮಾತ್ರ ಮೊದಲ ದರ್ಜೆಯದು. ಸವಣೂರಿನ ನನ್ನ ಅಂಗಡಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬಂದಾಗ ಶಂಕ್ರವ್ವನಿಗೆ ಹದಿನಾರು ವರ್ಷ. ಬಾಳಿಕೆಯ ಮಾಲಲ್ಲ ಎಂದುಕೊಂಡೇ ಇಟ್ಟುಕೊಂಡೆ. ಎಲ್ಲರಿಗಿಂತ ಚುರುಕಾಗಿ ಬಿಡಿಸಿದಳು.

ಹುಟ್ಟುವಾಗಲೇ ಮೈ ನೀಲಿಯಾಗಿದ್ದ ಕೂಸು. ಎಪ್ಪತ್ನಾಲ್ಕರಲ್ಲಿ, ಮೂರು ವರ್ಷದವಳಿದ್ದಾಗ, ಮುಂಬೈಯಲ್ಲಿ ಎದೆ ತೆರೆದು ಹೃದಯದೊಳಗೆ ರಕ್ತದ ದಾರಿ ಬದಲಿಸಿದ್ದರು. ಅಂದಿನಿಂದ ಪ್ರತಿ ವರ್ಷ ಸಂಕ್ರಾಂತಿಗೆ ಮೊದಲು ಅವ್ವ ಸರೋಜವ್ವ ಅವಳನ್ನು ಅಲ್ಲಿಗೆ ತೋರಿಸಲು ಒಯ್ಯುತ್ತಿದ್ದಳು.

ಎಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ ಶಂಕ್ರವ್ವನ ಗಲ್ಲ ತುಂಬಿತ್ತು. ಕೊರಳ ಕರಿದಾರ ಬಿಗಿಯಾಗಿ ಎರಡು ಸಲ ಗಂಟು ಸಡಿಲಿಸಿಕೊಂಡಿದ್ದಳು.

“ಈ ವರ್ಷ ಮುಂಬೈ ಬ್ಯಾಡೇನ್ರಿ ಸಾವ್ಕಾರ್ರ?” ಎಂದು ಸರೋಜವ್ವ ಕೇಳಿದಳು. “ಬಗ್ಗಿದ್ರ ಮಾರಿ ಕಪ್ಪ ಆಗತೈತಿ ಅಂತಾಳ.”

“ಬಗ್ಗಿದ್ರ ನನ್ನ ಮಾರೀನೂ ಕಪ್ಪ ಆಗತೈತಿ. ಹುಡುಗಿ ಮೈ ತುಂಬ್ಯಾಳ, ನೋಡವಾ. ಸುಗ್ಗಿ ಮುಗೀಲಿ, ಆಮ್ಯಾಲ ಹೋಗ್ರಿ.”

ಶಂಕ್ರವ್ವ ತೊಟ್ಟು ಮುರಿಯುತ್ತಲೇ ಅಂದಳು: “ಅವ್ವಾ, ಸಾವ್ಕಾರ್ರಿಗೆ ನನ್ನ ಮಾರಿ ಕಾಣೂದಿಲ್ಲ, ಕೈ ಅಷ್ಟ ಕಾಣತೈತಿ.”

ನಾನು ನಕ್ಕೆ. ಮಾಲು ಬರುವ ದಿನಗಳು. ಆ ಕೈ ನನಗೆ ಬೇಕಿತ್ತು. ತೂಕ ಬರಲೆಂದು ನೀರು ಹೊಡೆದ ಮೆಣಸಿನಕಾಯಿಯನ್ನು ಚೀಲ ಬಿಚ್ಚದೆ ಗುರುತಿಸುವವನು ನಾನು. ಪೇಟೆಯಲ್ಲಿ ಅದರಿಂದಲೇ ನನ್ನ ಹೆಸರು. ಆ ಗಲ್ಲದಲ್ಲಿ ತುಂಬಿದ್ದೂ ನೀರೇ.

ಜೂನಿನಲ್ಲಿ ಅವಳ ಕಣ್ಣು ತೆರೆಯಲಾಗದಷ್ಟು ಬಾತವು. ಮುಂಬೈಗೆ ನಾನೇ ಜೊತೆಗೆ ಹೋದೆ. ತಲೆಯಿಂದ ರಕ್ತ ಇಳಿಯುವ ದೊಡ್ಡ ನಾಳ ಹಳೆಯ ಹೊಲಿಗೆಯ ಹತ್ತಿರ ಕಟ್ಟಿಕೊಂಡಿದೆ ಎಂದರು. ತೊಡೆಸಂದಿಯಿಂದ ಸಪೂರ ನಳಿಕೆ ಏರಿಸಿ, ತುದಿಯ ಬಲೂನು ಉಬ್ಬಿಸಿ ನಾಳ ಅಗಲಿಸುವ ಉಪಾಯ ಆಗ ಹೊಸದು. ಮೂರು ತಾಸು ಪ್ರಯತ್ನಿಸಿದರು. ನಳಿಕೆಗೆ ದಾರಿ ಮಾಡಲು ಮುಂದೆ ಬಿಡುವ ತಂತಿಯೇ ಆ ಕಟ್ಟನ್ನು ದಾಟಲಿಲ್ಲ.

“ಪೂರಾ ಮುಚ್ಚಿದೆ. ಜನವರಿಯಲ್ಲಿ ಬಂದಿದ್ದರೆ ತಂತಿ ಹೋಗುವಷ್ಟು ದಾರಿ ಇರುತ್ತಿತ್ತು. ಯಾಕೆ ತಡ ಮಾಡಿದಿರಿ?” ಎಂದರು ಡಾಕ್ಟರು. ಅವರ ಹಿಂದಿಯನ್ನು ಸರೋಜವ್ವನಿಗೆ ತಿಳಿಸಬೇಕಾದವನು ನಾನೇ.

ಅವಳು ನನ್ನ ಕಡೆ ನೋಡಲಿಲ್ಲ. “ಸುಗ್ಗಿ ಇತ್ತು ಅಂತ ಹೇಳ್ರಿ,” ಎಂದಳು.

ಈಗ ಶಂಕ್ರವ್ವ ಗೋಡೆಗೆ ಒರಗಿ, ಕುಳಿತೇ ನಿದ್ದೆ ಮಾಡುತ್ತಾಳೆ. ಬಗ್ಗುವ ಹಾಗಿಲ್ಲವೆಂದು ಅವಳ ಪಾಲಿನ ಮೆಣಸಿನಕಾಯಿಯನ್ನು ಎದೆಮಟ್ಟದ ಹಲಗೆಯ ಮೇಲೆ ಸುರಿಸುತ್ತೇನೆ. ಮೊನ್ನೆ ಹಿರೇಬೆಂಡಿಗೇರಿಯ ಮಾಲು ಬಂದಾಗ ಕರೆದಳು.

“ಸಾವ್ಕಾರ್ರ, ಇದಕ್ಕ ನೀರ ಹೊಡದಾರೇನ ನೋಡ್ರಿ. ನಿಮಗ ತಿಳೀತೈತಲ್ಲ.”

ಶಂಕ್ರವ್ವನಿಗೆ ನಾನು ಐದು ತಿಂಗಳು ಕೊಡಬೇಕು, ಆ ಜನವರಿಯಿಂದ ಜೂನಿನವರೆಗೆ.