ಅತ್ತೆಯ ಅಳತೆಯ ಗೊಂಬೆ

ಕತ್ತರಿಯಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಹೊಲಿಗೆಯವಳಾದ್ದರಿಂದ ಆ ಹೆಸರು ಬಂತೆಂದುಕೊಂಡೀರಿ, ಅಲ್ಲ. ಅವಳ ನಾಲಿಗೆಯ ರುಚಿ ಕಂಡವರು ಇಟ್ಟ ಹೆಸರದು. ಇಪ್ಪತ್ತು ವರ್ಷ ಮನುಷ್ಯರಿಗೆ ಬಟ್ಟೆ ಹೊಲಿದು ಬೇಸತ್ತವಳಿಗೆ ಆರು ತಿಂಗಳಿಂದ ಬಂಗಾರದಂಥ ಗಿರಾಕಿಗಳು ಸಿಕ್ಕಿದ್ದರು: ಕಾರ್ ಕಂಪನಿಯ ಗೊಂಬೆಗಳು. ತಾನಾಗಿ ಓಡುವ ಕಾರು, ಮನುಷ್ಯ ಅಡ್ಡ ಬಂದರೆ ನಿಲ್ಲುತ್ತದೋ ಇಲ್ಲವೋ ಎಂದು ನೋಡಲು ಮೈದಾನದಲ್ಲಿ ನಿಲ್ಲಿಸುವ ಆಳೆತ್ತರದ ಗೊಂಬೆಗಳು. ತೋಳು ಬಿಗಿ ಎನ್ನುವುದಿಲ್ಲ, ನಾಳೆಯೇ ಬೇಕು ಎನ್ನುವುದಿಲ್ಲ. "ಹೊಸ ಬಟ್ಟೆ ಹಾಕ್ಕೊಂಡು ನಿಂತ್ಕೊಳ್ಳೋದು ಬಿಟ್ರೆ ಇನ್ನೊಂದು ಕೆಲಸ ಇಲ್ಲ, ನನ್ನ ಅಳಿಯಂದ್ರು!" ಎಂದು ನಗುವಳು.

ಆರ್ಡರ್ ಮಾತ್ರ ಯಾವಾಗಲೂ ಒಂದೇ. ಕಿತ್ತಳೆ ಬಣ್ಣದ ಅಂಗಿ, ನೆಟ್ಟಗೆ ನಿಲ್ಲುವ ಗೊಂಬೆ. ಆ ಬಣ್ಣವೇ ಯಾಕೆ ಎಂದು ಒಂದು ದಿನ ಕೇಳಿದಳು.

"ಕಾರಿಗೆ ಚೆನ್ನಾಗಿ ಕಾಣ್ಸುತ್ತೆ ಅಕ್ಕಾ," ಎಂದರು ಆರ್ಡರ್ ತಂದಿದ್ದ ಕಂಪನಿಯ ಇಂಜಿನಿಯರ್ ಸಾಹೇಬರು. "ಈ ತಿಂಗಳು ಎಲ್ಲಾ ಟೆಸ್ಟ್ ಪಾಸಾದ್ರೆ ನಮಗೆಲ್ಲ ಬೋನಸ್ಸು. ಆಮೇಲೆ ಕಾರು ನಿಮ್ಮ ರಸ್ತೆಗೇ ಬರುತ್ತೆ ನೋಡಿ!"

ಕತ್ತರಿಯಕ್ಕ ಕೈಯಲ್ಲಿದ್ದ ಕಿತ್ತಳೆ ಬಟ್ಟೆ ಕೆಳಗಿಟ್ಟಳು. ಆ ರಸ್ತೆಯನ್ನು ದಿನಾ ಬೆಳಿಗ್ಗೆ ಹಾಲಿಗೆಂದು ದಾಟುವವಳು ಅವಳ ಅತ್ತೆ. ಗೂನು ಬೆನ್ನು, ನಾಲ್ಕೂವರೆ ಅಡಿ ಎತ್ತರ, ಮೈಮೇಲೆ ಬೂದಿ ಬಣ್ಣದ ಸ್ವೆಟರು. ಅತ್ತೆ ಸೊಸೆಗೆ ದಿನಕ್ಕೆರಡು ಜಗಳ ಆಗಲೇಬೇಕು, ಅದು ಬೇರೆ ಮಾತು. ಜಗಳವಾಡುವುದಕ್ಕಾದರೂ ಅತ್ತೆ ಇರಬೇಕಲ್ಲ!

ಆ ವಾರ ಸೊಂಟ ಹರಿದ ಗೊಂಬೆಯೊಂದು ರಿಪೇರಿಗೆ ಬಂತು. ಇವಳು ಅದರ ಕಾಲು ಮೊಟಕು ಮಾಡಿ, ಬೆನ್ನು ಬಗ್ಗಿಸಿ ಹೊಲಿದು, ಅತ್ತೆಯದೊಂದು ಹಳೇ ಸ್ವೆಟರು ತೊಡಿಸಿದಳು. ಮೈದಾನಕ್ಕೆ ತಾನೇ ಹೊತ್ತುಕೊಂಡು ಹೋಗಿ ನಿಲ್ಲಿಸಿದಳು. ಸಾಹೇಬರು ಫೋನಿನಲ್ಲಿ ಮುಳುಗಿದ್ದರು, ಗಮನಿಸಲಿಲ್ಲ. ಆರ್ಡರ್ ಹೋದರೆ ಹೋಗಲಿ, ನೋಡಿಯೇಬಿಡೋಣ ಎಂಬ ಹಟ ಅವಳಿಗೆ.

ಕಾರು ಬಂತು. ನಿಲ್ಲಲಿಲ್ಲ. ಗೊಂಬೆ ಹತ್ತು ಅಡಿ ದೂರ ಹಾರಿ ಬಿತ್ತು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳು ಅನ್ನುತ್ತಾರಲ್ಲ, ಕತ್ತರಿಯಕ್ಕ ಅತ್ತೆಯ ಗೊಂಬೆ ಬಿದ್ದ ಕೂಡಲೇ ಗೊಳೋ ಎಂದು ಅತ್ತುಬಿಟ್ಟಳು.

ಸಾಹೇಬರು ಕೆಂಡಾಮಂಡಲವಾದರು. "ಏನಕ್ಕಾ ಇದು! ಟೆಸ್ಟ್ ಫೇಲಾಯ್ತಲ್ಲ! ಕಿತ್ತಳೆ ಅಂಗಿ ಹಾಕಿ ಅಂತ ಎಷ್ಟು ಸಲ ಹೇಳಿದ್ದೆ?"

ಅವಳು ಕಣ್ಣೊರೆಸಿಕೊಂಡು ಕೊರಳಿನಿಂದ ಟೇಪು ಎಳೆದಳು. "ಹಾಕೋಣ ಸಾರ್, ಅದಕ್ಕೇನಂತೆ. ಊರಲ್ಲಿರೋರಿಗೆಲ್ಲ ಕಿತ್ತಳೆ ಅಂಗಿ ಹೊಲಿದುಕೊಡ್ತೀನಿ. ನಿಮ್ಮ ತಾಯಿಯವರಿಂದ್ಲೇ ಶುರು ಮಾಡೋಣ. ಎಷ್ಟೆತ್ತರ ಇದಾರೆ ಅವ್ರು?"

ಸಾಹೇಬರು ಹೋಗಿ ಗೊಂಬೆಯನ್ನು ಎತ್ತಿ ನಿಲ್ಲಿಸಿ, ಸ್ವೆಟರಿನ ಧೂಳು ಕೊಡವಿದರು. ಅದರ ತಲೆ ಅವರ ಎದೆಮಟ್ಟಕ್ಕೆ ಬಂತು.

"ಅಮ್ಮ ಇಷ್ಟೇ ಎತ್ತರ," ಎಂದರು ಮೆಲ್ಲಗೆ. ಕಾರಿನ ಬಳಿಯಿದ್ದವರ ಕಡೆ ತಿರುಗಿ, "ಫೇಲ್ ಅಂತಲೇ ಬರ್ಕೊಳ್ರಪ್ಪಾ," ಎಂದು ಕೂಗಿದರು. "ಅಕ್ಕಾ, ಇಂಥವು ಇನ್ನೆಷ್ಟು ಹೊಲಿಯೋಕಾಗುತ್ತೆ ನಿಮ್ಮ ಕೈಲಿ?"

"ನಿಮ್ಮ ಕಾರು ನಿಲ್ಲೋವರೆಗೂ ಹೊಲೀತೀನಿ ಸಾರ್," ಎಂದಳು ಕತ್ತರಿಯಕ್ಕ.