ವಾಂಡಾಳ ಕಿವಿ ಸೋತ ಶನಿವಾರ

ವಾಂಡಾ ಜರೆಂಬಾಳಿಗೆ ಕೂತಲ್ಲಿ ಕೂರುವುದು ಬರುವುದಿಲ್ಲ. ನಮ್ಮ ಡೆಟ್ರಾಯಿಟ್ ಕಾರ್ಖಾನೆಯಲ್ಲಿ ಅವಳದು ಸಾಲಿನ ಕೊನೆಯ ಕೆಲಸ. ಸಿದ್ಧವಾದ ಕಾರನ್ನು ಮೊದಲ ಸಲ ಚಾಲೂ ಮಾಡಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಸರಿಯಿದ್ದರೆ ಹೊರಗೆ ಓಡಿಸಬೇಕು. ಸಾಲಿನಲ್ಲಿ ಅವಳಿಗಿಂತ ಒಂದು ಜಾಗ ಹಿಂದೆ ನಿಂತು ನಾನು ಬಾಗಿಲು ಜೋಡಿಸುತ್ತಿದ್ದೆ. ಇಪ್ಪತ್ತು ವರ್ಷ ಅವಳ ಬೆನ್ನು ನೋಡಿದ್ದೇನೆ, ಬೈಗುಳ ತಿಂದಿದ್ದೇನೆ. ಎಂಟು ಸಿಲಿಂಡರಿನ ನಮ್ಮ ಕಾರುಗಳಿಗೆ ಜನ ಮುಗಿಬೀಳುತ್ತಿದ್ದ ಕಾಲ ಅದು.

ಈಗ ಪಕ್ಕದ ಬಯಲಿನಲ್ಲಿ ಮಾರಾಟವಾಗದ ಕಾರುಗಳು ನಿಂತಿವೆ. ಚಕ್ರಗಳ ಸುತ್ತ ಹುಲ್ಲು ಬೆಳೆದಿದೆ. ಕಂಪನಿ ಹಳೆಯ ಎಂಜಿನ್ ಕೈಬಿಟ್ಟು ಬ್ಯಾಟರಿ ಕಾರು ತಂದಿತು. ಹಳೆಯ ಗಿರಾಕಿಗಳು ಮುನಿಸಿಕೊಳ್ಳಬಾರದೆಂದು ಹಿಂದುಗಡೆ ಸ್ಪೀಕರ್ ಇಟ್ಟು ಎಂಜಿನ್ನಿನ ಗುಡುಗನ್ನೂ ಹೊರಡಿಸಿತು. ಆದರೂ ಆ ಕಾರನ್ನು ಕೊಳ್ಳುವವರಿಲ್ಲ. ನಮ್ಮ ಪಾಳಿಯೇ ನಿಂತುಹೋಯಿತು. ಪಕ್ಕದ ಇಂಡಿಯಾನಾ ರಾಜ್ಯದ ಟ್ರಕ್ ಕಾರ್ಖಾನೆಗೆ ಹೋಗುವವರು ಆಗಸ್ಟ್ ನಡುವಿನ ಸೋಮವಾರದೊಳಗೆ ಒಪ್ಪಬೇಕು, ಹೋದರೆ ಇಲ್ಲಿನ ಜಾಗದ ಮೇಲೆ ಹಕ್ಕಿಲ್ಲ ಎಂದು ಯೂನಿಯನ್ನಿನವರು ಹೇಳಿದರು. ನಾನು ಒಪ್ಪಿಬಿಟ್ಟೆ. ವಾಂಡಾ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಅದು ಸ್ಪೀಕರ್ ಕಟ್ಟಿದ ಹೊಲಿಗೆ ಮಿಷನ್ ಕಣೋ ಲಮಾಂಟ್," ಎಂದಳು. "ಆ ಸದ್ದಿಗೆ ಮೋಸ ಹೋಗೋನು ಈ ಊರಲ್ಲಿ ಒಬ್ನೂ ಇಲ್ಲ. ಜನ ಸುಮ್ನಿರಲ್ಲ, ಹಳೇ ಎಂಜಿನ್ನೇ ಬೇಕು ಅಂತಾರೆ. ಆಗ ನಮ್ಮನ್ನೂ ವಾಪಸ್ ಕರೀತಾರೆ."

ಬಾಯಿ ಹೀಗೆ ಹೇಳಿದರೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ತೊಳೆದ ಕಿಟಕಿಯನ್ನೇ ತೊಳೆಯುವಳು. ಬೆಳಗಾದರೆ ಕಾರ್ಖಾನೆಯ ಗೇಟಿನ ಮುಂದೆ ಒಂದು ಸುತ್ತು ಹಾಕಿ, ಬಯಲು ಸ್ವಲ್ಪ ಖಾಲಿಯಾದಂತಿದೆ ಎಂದು ನನಗೆ ಫೋನ್ ಮಾಡುವಳು. ನಾನೂ ಹೋಗಿ ನೋಡಿ ಬಂದೆ. ಖಾಲಿಯೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಗಡುವಿಗೆ ಎರಡೇ ದಿನ ಉಳಿದಿದ್ದ ಆ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ, ಹೊಸ ಕಾರುಗಳ ವಾರ್ಷಿಕ ಮೆರವಣಿಗೆ. ಊರಿಗೆ ಊರೇ ಬೆಳಗಿನಿಂದ ಮಡಚುವ ಕುರ್ಚಿ ಹಾಕಿಕೊಂಡು ರಸ್ತೆಬದಿಯಲ್ಲಿ ಕೂರುತ್ತದೆ. ನಮ್ಮ ಸಾಲಿನವರಿಗೆ ಮಾತ್ರ ಒಂದು ಹುಚ್ಚಾಟವಿದೆ: ಕುರ್ಚಿಗಳನ್ನು ರಸ್ತೆಗೆ ಬೆನ್ನು ಮಾಡಿ ಹಾಕಿ, ಹಿಂದೆ ಹಾಯುವ ಕಾರು ಯಾವುದೆಂದು ಸದ್ದಿನಿಂದಲೇ ಹೇಳಬೇಕು. ತಪ್ಪಿದವರು ಎಲ್ಲರಿಗೂ ಹಾಟ್ ಡಾಗ್ ಕೊಡಿಸಬೇಕು. ವಾಂಡಾ ಈವರೆಗೆ ಯಾರಿಗೂ ಕೊಡಿಸಿದವಳಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಒಂದು ಗುಡುಗು ಏರಿ ಬಂತು. ವಾಂಡಾಳ ಕುಣಿಯುತ್ತಿದ್ದ ಮೊಣಕಾಲು ನಿಂತಿತು. ಅವಳ ಮುಖ ಅರಳಿದ್ದನ್ನು ನಾನು ಎಷ್ಟೋ ದಿನದ ಮೇಲೆ ಕಂಡೆ.

"ನಮ್ದೇ," ಎಂದಳು. "ಎಂಟು ಸಿಲಿಂಡರ್. ಕೊನೇ ವರ್ಷದ್ದು. ನಾನೇ ಓಡಿಸಿ ಹೊರಗ್ ಬಿಟ್ಟಿರ್ತೀನಿ."

ನಾವು ತಿರುಗಿದೆವು. ಸಿಗ್ನಲ್ಲಿನಲ್ಲಿ ನಿಂತಿದ್ದದ್ದು ನಮ್ಮ ಕಂಪನಿಯ ಬ್ಯಾಟರಿ ಕಾರು.

ಯಾರೂ ನಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆವು. ವಾಂಡಾ ಎದ್ದು ನೇರ ಆ ಕಾರಿನ ಬಳಿಗೆ ನಡೆದಳು. ನಾನು ಹಿಂದೆಯೇ ಓಡಿದೆ, ಆಸಾಮಿಯ ಕೊರಳಪಟ್ಟಿ ಹಿಡಿದಾಳೆಂಬ ಭಯ. ಒಳಗಿದ್ದ ನರೆಮೀಸೆಯವನನ್ನು ಅವಳು ಕೇಳಿದ್ದು ಒಂದೇ ಮಾತು, ಕಾರು ಇಷ್ಟವಾಯಿತೇ ಎಂದು.

"ನಂದಲ್ಲಮ್ಮಾ," ಎಂದ ಅವನು. "ನಾನು ಶೋರೂಮಿನವನು. ಜನ ನೋಡ್ಲಿ ಅಂತ ಸುತ್ತಿಸ್ತಾ ಇದೀನಿ. ಎಲ್ರೂ ಸದ್ದು ಚೆನ್ನಾಗಿದೆ ಅಂತಾರೆ, ಕೊಳ್ಳೋರು ಯಾರೂ ಇಲ್ಲ."

ಸಿಗ್ನಲ್ ಹಸಿರಾಯಿತು. ಅವನು ಹೋದ. ರಸ್ತೆಯ ಮಧ್ಯದಲ್ಲೇ ನಿಂತಿದ್ದ ಅವಳ ತೋಳು ಹಿಡಿದು ಈಚೆಗೆ ತಂದೆ. ಹಾಟ್ ಡಾಗ್ ಕೊಡಿಸಿದಳು, ತಾನು ತಿನ್ನಲಿಲ್ಲ. ಅವಳು ಇಂಡಿಯಾನಾಕ್ಕೆ ಬರಲೆಂದು ಹಂಬಲಿಸಿದವನು ನಾನೇ, ಆದರೆ ಹೀಗೆ ಸೋತು ಬರಲೆಂದಲ್ಲ.

"ಮೋಸ ಹೋದೆ ಅಂತ ಬೇಜಾರಿಲ್ಲ ಕಣೋ," ಎಂದಳು ಕುರ್ಚಿ ಮಡಚುತ್ತ. "ನಂಗೆ ಹಿಡಿಸ್ತು ಅದು. ನನ್ ಕಿವಿಗೇ ಇದೇ ಸಾಲುತ್ತೆ ಅನ್ಸಿದ್ ಮೇಲೆ ಹಳೇದು ಬೇಕು ಅಂತ ಯಾರ್ ಜಗಳ ಆಡ್ತಾರೆ? ಹೊಸದನ್ನೂ ಯಾರೂ ಕೊಳ್ತಿಲ್ಲ. ಹಾಗಾದ್ರೆ ನಮ್ಮನ್ನ ಯಾವುದಕ್ಕೆ ಅಂತ ಕರೀತಾರೆ?"

ಸೋಮವಾರ ಬೆಳಿಗ್ಗೆ ಹೋಗಿ ಒಪ್ಪಿಗೆ ಕೊಟ್ಟಳು. ಮುಂದಿನ ವಾರ ನನ್ನ ಕಾರಿನಲ್ಲೇ ಇಬ್ಬರೂ ಇಂಡಿಯಾನಾಕ್ಕೆ ಹೊರಟೆವು. ದಾರಿಯುದ್ದಕ್ಕೂ ರೇಡಿಯೋ ತಿರುಗಿಸಿದಳು, ಕಿಟಕಿ ಇಳಿಸಿದಳು, ಏರಿಸಿದಳು. ರಾಜ್ಯದ ಗಡಿ ದಾಟಿದ ಮೇಲೆ ಕೇಳಿದಳು:

"ಟ್ರಕ್ ಮಾರಾಟ ಆಗ್ತಿವೆ ತಾನೆ?"

"ಸದ್ಯಕ್ಕೆ ಆಗ್ತಿವೆ," ಎಂದೆ. ಅವಳು ಮತ್ತೆ ಕಿಟಕಿ ಇಳಿಸಿದಳು.